ಪ್ರಬಂಧ ಅಂಗೀಕಾರವಾದ ಈ ಹೊತ್ತಿನಲ್ಲಿ

ನನ್ನ ಪಿಎಚ್‌ಡಿ ಪ್ರಬಂಧ ಅಂಗೀಕಾರವಾಗಿದೆ. ಸೆಂಡಸ್ಟ್ ಎಂಬ ಮಿಶ್ರಲೋಹದ ಪುಡಿಯಿಂದ ಮೈಕ್ರೋವೇವ್ ಹೀರುವ ತೆಳು ಪದರ ಮಾಡುವ ಈ ಕೆಲಸದ ಏಳುಬೀಳುಗಳನ್ನು ಹತ್ತಿರದಿಂದ ಕಂಡವರೇ ಇದನ್ನು ಓದುತ್ತಿದ್ದೀರಿ. ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಋಣದ ಮಾತಷ್ಟೇ ಹೇಳುತ್ತೇನೆ.

ಕೊನೆಯವರೆಗೂ ನನ್ನ ಮೇಲಿನ ನಂಬಿಕೆ ಬಿಡದ ಮಾರ್ಗದರ್ಶಕರಿಗೆ, ಪ್ರಶ್ನೆ ಕೇಳುತ್ತಲೇ ದಾರಿ ತೋರಿಸಿದ ಪರೀಕ್ಷಕರಿಗೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ನನಗಾಗಿ ಕುಳಿತ ಗೆಳೆಯರಿಗೆ, ಮನೆಯ ಭಾರವನ್ನೆಲ್ಲ ಹೊತ್ತ ಅಕ್ಕನಿಗೆ ನಾನು ಚಿರಋಣಿ.

ಇನ್ನು ಅಣ್ಣನ ವಿಷಯ. ಹುದ್ದೆಯಲ್ಲಿ ಅವರು ನಮ್ಮ ಪ್ರಯೋಗಾಲಯದ ತಂತ್ರಜ್ಞರು. ಎಲ್ಲರ ಬಾಯಲ್ಲೂ ಅಣ್ಣ. ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ.

ಸೆಂಡಸ್ಟ್ 1930ರ ದಶಕದಲ್ಲಿ ಜಪಾನಿನ ಸೆಂಡೈ ನಗರದಲ್ಲಿ ರೂಪುಗೊಂಡದ್ದು. ಅದರಲ್ಲಿ ಸುಮಾರು ಶೇ 85ರಷ್ಟು ಕಬ್ಬಿಣ; ಉಳಿದದ್ದು ಸಿಲಿಕಾನ್ ಮತ್ತು ಅಲ್ಯೂಮಿನಿಯಂ. ಇಂಥ ಲೋಹದ ದುಂಡು ಕಣಗಳ ಕಾಂತೀಯ ಸ್ಪಂದನ ಗಿಗಾಹರ್ಟ್ಸ್ ಆವರ್ತನಗಳಿಗೆ ಬರುವಷ್ಟರಲ್ಲಿ ಕುಸಿದುಬಿಡುತ್ತದೆ. ಸ್ನೂಕ್ ಮಿತಿ ಎನ್ನುವುದು ಇದನ್ನೇ. ಕಣವನ್ನು ಚಪ್ಪಟೆ ಮಾಡಿದರೆ ಆ ಮಿತಿಯನ್ನು ದಾಟಬಹುದು. ದಪ್ಪ ಒಂದು ಮೈಕ್ರಾನ್‌ಗಿಂತ ಕೆಳಗಿಳಿದರೆ ಕಣದೊಳಗೆ ಸುತ್ತುವ ವಿದ್ಯುತ್, ಅಂದರೆ ಸುಳಿಪ್ರವಾಹವೂ ತಗ್ಗುತ್ತದೆ. ಇದಿಷ್ಟನ್ನು ನಾನು ಓದಿ ತಿಳಿದೆ. ಆದರೆ ಗುಂಡುಗಳಿಂದ ಪುಡಿಯನ್ನು ಜಜ್ಜಿ ಚಪ್ಪಟೆ ಮಾಡುವ ಬಾಲ್ ಮಿಲ್ ಯಂತ್ರವನ್ನು ಯಾವಾಗ ನಿಲ್ಲಿಸಬೇಕು, ಎಲ್ಲಿ ಮುಂದುವರಿಸಿದರೆ ಚಪ್ಪಟೆ ಕಣ ಮುರಿದು ನುಚ್ಚಾಗುತ್ತದೆ ಎಂಬುದನ್ನು ಕಲಿಸಿದವರು ಅಣ್ಣ. ಎಥನಾಲ್‌ನಲ್ಲಿದ್ದ ಪುಡಿಯನ್ನು ಗಾಜಿನ ಕಡ್ಡಿಯಿಂದ ಕಲಕಿ, ಬೆಳಕಿಗೆ ಹಿಡಿದು, ಅಲ್ಲಿ ರೇಷ್ಮೆಯ ಹೊಳಪು ಸುಳಿದರೆ ‘ಸಾಕು, ತೆಗೆ’ ಎನ್ನುತ್ತಿದ್ದರು. ಸೂಕ್ಷ್ಮದರ್ಶಕದ ಚಿತ್ರಗಳು ಆಮೇಲೆ ಬಂದು ಅವರ ಮಾತನ್ನೇ ಹೇಳುತ್ತಿದ್ದವು.

ಆ ರಾತ್ರಿಯ ಬಗ್ಗೆ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಅಪ್ಪ ತೀವ್ರ ನಿಗಾ ಘಟಕದಲ್ಲಿದ್ದರು, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೊರಗೆ ಅಕ್ಕ ಇದ್ದಳು. ನನ್ನನ್ನು ಅಲ್ಲಿಂದ ಪ್ರಯೋಗಾಲಯಕ್ಕೆ ಕಳುಹಿಸಿದವಳೂ ಅವಳೇ. ಮೈಕ್ರೋವೇವ್ ಅಳತೆಯ ಉಪಕರಣವಾದ ನೆಟ್‌ವರ್ಕ್ ಅನಲೈಸರ್ ಬೆಳಗಾದರೆ ಬೇರೆ ವಿಭಾಗಕ್ಕೆ ಹೋಗುವುದಿತ್ತು. ಅಳತೆಗೆ ಬೇಕಿದ್ದದ್ದು ಪುಡಿಯನ್ನು ಪ್ಯಾರಾಫಿನ್ ಮೇಣದಲ್ಲಿ ಬೆರೆಸಿ ಒತ್ತಿದ ಪುಟ್ಟ ಉಂಗುರಗಳು: ಹೊರವ್ಯಾಸ 7 ಮಿಲಿಮೀಟರ್, ಒಳವ್ಯಾಸ 3.04. ಉಂಗುರಕ್ಕೂ ಅಳತೆಯ ವೇಳೆ ಅದು ಕೂರುವ ಹಿಡಿಕೆಯ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಅಳತೆ ಸುಳ್ಳಾಗುತ್ತದೆ. ನನ್ನ ಕೈ ನಡುಗುತ್ತಿತ್ತು. ಅಚ್ಚಿನಿಂದ ಹೊರಬಂದ ಉಂಗುರಗಳೆಲ್ಲ ಬಿರುಕು ಬಿಡುತ್ತಿದ್ದವು.

ಅಣ್ಣ ಮನೆಗೆ ಹೊರಟು ನಿಂತವರು ಚೀಲ ಕೆಳಗಿಟ್ಟರು. ಕೈ ಚಾಚಿ, “ಫೋನು ನನ್ನ ಹತ್ತಿರ ಇರಲಿ. ಕರೆ ಬಂದರೆ ನಾನು ನೋಡಿಕೊಳ್ಳುತ್ತೇನೆ. ನೀನು ಮೇಣ ನೋಡು” ಎಂದರು. ಅಚ್ಚನ್ನು ಮೊದಲು ಬೆಚ್ಚಗೆ ಮಾಡಿಸಿದರು, ಒತ್ತಡವನ್ನು ನಿಧಾನವಾಗಿ ಏರಿಸಲು ಹೇಳಿದರು, ತಣಿಯುವ ಮುನ್ನ ತೆಗೆಯಲು ಬಿಡಲಿಲ್ಲ. ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ.

ಬೆಳಗಿನ ಜಾವ ಫೋನು ಹೊಡೆದುಕೊಂಡಿತು. ಅವರೇ ಎತ್ತಿದರು, ಕೇಳಿಸಿಕೊಂಡರು, ಆಮೇಲೆ ನನ್ನತ್ತ ತಿರುಗಿ “ಅಪ್ಪ ಕಣ್ಣು ಬಿಟ್ಟಿದ್ದಾರಂತೆ” ಎಂದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಕೆಟ್ಟ ಸುದ್ದಿಯಾಗಿದ್ದರೂ ಅದನ್ನು ಮೊದಲು ಕಿವಿಗೆ ಹಾಕಿಕೊಳ್ಳುವ ಭಾರ ನನಗೆ ಬೀಳಬಾರದೆಂದು ಅವರು ರಾತ್ರಿಯಿಡೀ ಆ ಫೋನನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಆ ರಿಂಗಣ ಎಲ್ಲಿ ಕೇಳಿದರೂ ಇಂದಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಪ್ರಬಂಧದ ಮುಖ್ಯ ಗ್ರಾಫ್ ಆ ರಾತ್ರಿಯ ಉಂಗುರಗಳದ್ದು. ಆ ಅಳತೆಗಳಿಂದ ಲೆಕ್ಕ ಹಾಕಿದಾಗ 2 ಮಿಲಿಮೀಟರ್ ದಪ್ಪದ ಪದರದಲ್ಲಿ ಪ್ರತಿಫಲನ ನಷ್ಟ −10 ಡೆಸಿಬಲ್‌ಗಿಂತ ಕೆಳಗಿಳಿಯಿತು, ಅಂದರೆ ಬಿದ್ದ ಶಕ್ತಿಯಲ್ಲಿ ಶೇ 90ಕ್ಕೂ ಹೆಚ್ಚು ಹಿಂದಿರುಗಲಿಲ್ಲ. ಒಂದೇ ಆವರ್ತನದಲ್ಲಿ ಆಳಕ್ಕೆ ಇಳಿಯುವ ಕಣಿವೆಗಿಂತ, ತೆಳು ಪದರದಲ್ಲಿ ಅಗಲವಾದ ಪಟ್ಟಿಯುದ್ದಕ್ಕೂ ಈ ಮಟ್ಟ ಸಿಗುವುದೇ ದೊಡ್ಡದು ಎಂದು ನಾನು ಈಗಲೂ ನಂಬುತ್ತೇನೆ. ಅಪ್ಪ ಪ್ರಬಂಧವನ್ನು ಕೈಯಲ್ಲಿ ಹಿಡಿದು ಹಾಳೆ ತಿರುವಿದರು. ಅಣ್ಣನಿಗೂ ಒಂದು ಪ್ರತಿ ಕೊಟ್ಟಿದ್ದೇನೆ.

ಮಿಕ್ಕ ಪುಡಿ ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯೊಳಗೆ ಸೀಸೆಗಳಲ್ಲಿದೆ, ಮಿಲ್ ಮಾಡಿದ ಅವಧಿಯನ್ನು ಮೇಲೆ ಬರೆದಿದ್ದೇನೆ. ಮುಂದೆ ಬರುವವರು ಧಾರಾಳವಾಗಿ ಬಳಸಿಕೊಳ್ಳಿ. ಅಚ್ಚು ಅಣ್ಣನ ಬಳಿ ಇದೆ. ಕೇಳಿ ತೆಗೆದುಕೊಳ್ಳಿ, ಮೊದಲ ಉಂಗುರವನ್ನು ಅವರೆದುರಿಗೇ ಒತ್ತಿ.