ಪ್ರಯೋಗಕ್ಕಿಂತ ಫಾರಂ ಜಾಸ್ತಿ

ಮಾನ್ಯ ಸಂಪಾದಕರೇ,

2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿಜ್ಞಾನ ಸಂಸ್ಥೆಗಳ ಖರೀದಿ ನಿಯಮ ಸಡಿಲಿಸಿತಲ್ಲ, ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತಲ್ಲ, ಆಗ ಬೆಂಗಳೂರಿನ ಲ್ಯಾಬ್‌ನಲ್ಲಿರುವ ಗೆಳೆಯ ಫೋನ್ ಮಾಡಿದ್ದ. 'ನಿಮ್ಮ ಅಮೆರಿಕದಲ್ಲಿ ಈ ತಾಪತ್ರಯವೇ ಇಲ್ಲ ಬಿಡು' ಎಂದ. ನಗು ಬಂತು.

ಇಲ್ಲಿ ಖರೀದಿ ಸಲೀಸು, ನಿಜ. ಒದ್ದಾಟ ಬೇರೆ ಕಡೆ. ನಮ್ಮ ಲ್ಯಾಬ್ ನಡೆಯುವುದು ಫೆಡರಲ್ ಸರ್ಕಾರದ ದುಡ್ಡಿನಲ್ಲಿ. ಇಲಿಗಳ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡಲು ಒಂದು ಸಮಿತಿ, ರೋಗಿಗಳ ರಕ್ತ ಬಳಸಲು ಒಪ್ಪಿಗೆ ಕೊಡಲು ಇನ್ನೊಂದು. ಯಾವ ಪ್ರಾಜೆಕ್ಟಿಗೆ ಎಷ್ಟು ಪರ್ಸೆಂಟ್ ದುಡಿದೆ ಅಂತ ಬರೆದು ಸಹಿ ಹಾಕಬೇಕು. ಬೇರೆಲ್ಲಿಂದ ಹಣ ಬರುತ್ತದೆ ಅನ್ನುವ ಅದೇ ವಿವರವನ್ನು ಆರೋಗ್ಯ ಸಂಶೋಧನೆಗೆ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್‌ಗೆ ಒಂದು ನಮೂನೆಯಲ್ಲಿ, ಮೂಲ ವಿಜ್ಞಾನಕ್ಕೆ ದುಡ್ಡು ಕೊಡುವ ಎನ್‌ಎಸ್‌ಎಫ್‌ಗೆ ಇನ್ನೊಂದು ನಮೂನೆಯಲ್ಲಿ ವರ್ಷಗಟ್ಟಲೆ ತುಂಬಿದ್ದೇವೆ. ಒಮ್ಮೆ ಇಲಿಗಳಿಗೆ ಔಷಧಿ ಕೊಡುವ ದಿನವನ್ನು ಎರಡೇ ದಿನ ಮುಂದೆ ಹಾಕಲು ಅರ್ಜಿ ಕಳಿಸಿದೆವು. ಒಪ್ಪಿಗೆ ಬರುವಷ್ಟರಲ್ಲಿ ಇಲಿಗಳಿಗೆ ವಯಸ್ಸಾಗಿತ್ತು!

ಹಾಗಂತ ಸಮಿತಿಗಳೇ ಬೇಡ ಅನ್ನುತ್ತಿಲ್ಲ. ಅಮೆರಿಕದ ಟಸ್ಕೀಗಿ ಊರಿನಲ್ಲಿ ಕಪ್ಪು ಜನರ ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಚಿಕಿತ್ಸೆ ಕೊಡದೆ 1932ರಿಂದ 1972ರವರೆಗೆ ಸುಮ್ನೆ ನೋಡುತ್ತ ಕೂತವರೂ ಸರ್ಕಾರದ ಸಂಶೋಧಕರೇ.

ಆದರೆ ಇಲ್ಲಿನವರು ಒಂದು ಒಳ್ಳೆ ಕೆಲಸ ಮಾಡಿದ್ದಾರೆ, ಪೋಲಾಗುವ ಸಮಯವನ್ನು ಅಳೆದಿದ್ದಾರೆ. ಫೆಡರಲ್ ಡೆಮಾನ್‌ಸ್ಟ್ರೇಶನ್ ಪಾರ್ಟ್‌ನರ್‌ಶಿಪ್ ಎಂಬ, ವಿಶ್ವವಿದ್ಯಾಲಯಗಳೂ ಸರ್ಕಾರಿ ಇಲಾಖೆಗಳೂ ಸೇರಿದ ಒಕ್ಕೂಟ ಪ್ರೊಫೆಸರ್‌ಗಳನ್ನೇ ಕೇಳಿತು. ಸರ್ಕಾರಿ ಪ್ರಾಜೆಕ್ಟಿಗೆ ಕೊಡುವ ಸಮಯದಲ್ಲಿ ಕಾಗದಪತ್ರಕ್ಕೇ ಹೋಗುವುದು 2005ರಲ್ಲಿ ಶೇ 42. 2012ರಲ್ಲೂ ಶೇ 42. 2018ರಲ್ಲಿ ಶೇ 44. ಕಡಿಮೆಯಾಗಲಿಲ್ಲ, ನೋಡಿ! ಯಾಕೆಂದರೆ ಹೊಸ ಫಾರಂ ತರುವ ಇಲಾಖೆ ಹಳೆಯದನ್ನು ತೆಗೆಯುವುದಿಲ್ಲ, ಪಕ್ಕದ ಇಲಾಖೆ ಏನು ಕೇಳುತ್ತಿದೆ ಅಂತಲೂ ನೋಡುವುದಿಲ್ಲ. ಇದನ್ನೆಲ್ಲ ಸರಿಮಾಡಲು ಒಂದು ಮಂಡಳಿ ಮಾಡಿ ಅಂತ 2016ರಲ್ಲಿ ಕಾನೂನೇ ಬಂತು. ಮಂಡಳಿಯನ್ನು ಯಾರೂ ಮಾಡಲಿಲ್ಲ, 2021ಕ್ಕೆ ಅದರ ಅವಧಿಯೇ ಮುಗಿದುಹೋಯಿತು. ನಮ್ಮೂರ ಕಥೆ ಥರಾನೇ ಇದೆ, ಅಲ್ವಾ?

ಗೆಳೆಯನ ಖುಷಿಗೆ ಕಲ್ಲು ಹಾಕುವ ಆಸೆ ನನಗಿಲ್ಲ. 2 ಲಕ್ಷದ ಮಿತಿ ಒಳ್ಳೆಯದೇ. ಅದರಿಂದ ಅವನಿಗೆ ತಿಂಗಳಿಗೆ ಎಷ್ಟು ಗಂಟೆ ಉಳಿಯಿತು ಅಂತ ಕೇಳಿದೆ, ಅವನ ಹತ್ತಿರ ಲೆಕ್ಕ ಇರಲಿಲ್ಲ. ದೆಹಲಿಯವರು ಆ ಲೆಕ್ಕವನ್ನು ಈಗಲೇ ಕೇಳಲು ಶುರುಮಾಡಲಿ, ಮುಂದಿನ ಸುತ್ತೋಲೆಯಲ್ಲಿ ರೂಪಾಯಿಯ ಪಕ್ಕದಲ್ಲಿ ಗಂಟೆಯನ್ನೂ ಬರೆಯಲಿ. ಅದನ್ನು ಕೇಳಲು ಇನ್ನೊಂದು ಫಾರಂ ಮಾತ್ರ ಕಳಿಸಬೇಡಿ.

— ಧಾರವಾಡ ಕಡೆಯ ಓದುಗ, ಮಿಷಿಗನ್, ಅಮೆರಿಕ