ಗ್ಲಾಕ್ನರ್ ಘಾಟಿ ದಾಟಿ ಗೆಳತಿಯ ಊರಿಗೆ

ಮ್ಯೂನಿಕ್,
ಜುಲೈ ಕೊನೆಯ ವಾರ

ತೀರ್ಥರೂಪರಾದ ಅಪ್ಪನವರಿಗೂ ಅಮ್ಮನಿಗೂ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕಾಗಿ ಕೋರಿಕೆ. ಆಸ್ಟ್ರಿಯಕ್ಕೆ ಹೋಗಿ ಬಂದ ವಿಷಯವನ್ನು ಫೋನಿನಲ್ಲಿ ನಾಲ್ಕು ಮಾತಿಗೆ ಮುಗಿಸಿದ್ದರಿಂದ ಅಮ್ಮನಿಗೆ ಸಮಾಧಾನವಾಗಿಲ್ಲವೆಂದು ಅಣ್ಣ ತಿಳಿಸಿದ. ಫೋನಿನಲ್ಲಿ ಹೇಳಲು ಹೊರಟರೆ ಅಪ್ಪನ ಪ್ರಶ್ನೆ ಒಂದು ಕಡೆ, ಅಮ್ಮನ ಪ್ರಶ್ನೆ ಇನ್ನೊಂದು ಕಡೆ ಎಳೆದು ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಬರೆದೇ ತಿಳಿಸುತ್ತಿದ್ದೇನೆ.

ಆ ಗೆಳತಿಯ ವಿಚಾರದಲ್ಲಿ ನಿಮಗಿದ್ದ ಅನುಮಾನ ನನಗೆ ಗೊತ್ತೇ ಇದೆ. ಅಂತರ್ಜಾಲದಲ್ಲಿ ಚದುರಂಗ ಆಡುತ್ತಾ ಪರಿಚಯವಾದವರು, ವಯಸ್ಸಿನಲ್ಲಿ ಅಮ್ಮನಿಗಿಂತ ಹಿರಿಯರು, ಒಂದೊಂದು ನಡೆಗೂ ಮೂರು ದಿನದ ಗಡುವಿರುವ ನಿಧಾನದ ಆಟವನ್ನೇ ಇಷ್ಟಪಡುವವರು. ನಡೆಯ ಜೊತೆಗೆ ಎರಡು ಸಾಲು ಬರೆದು ಕಳಿಸುವ ಅಭ್ಯಾಸ ಅವರಿಂದಲೇ ಶುರುವಾಗಿ, ವರ್ಷಗಳು ಕಳೆದಂತೆ ಆಟ ಮುಗಿದ ಮೇಲೂ ಬರವಣಿಗೆ ಮುಂದುವರಿಯಿತು. ನನ್ನ ಜರ್ಮನ್ ಭಾಷೆ ಇಷ್ಟರಮಟ್ಟಿಗೆ ಸುಧಾರಿಸಿದ್ದಕ್ಕೆ ಇಲ್ಲಿನ ತರಗತಿಗಳಿಗಿಂತ ಅವರ ಪತ್ರಗಳೇ ಕಾರಣ ಎಂದರೆ ತಪ್ಪಾಗದು. ಆದರೆ ಇಷ್ಟು ಕಾಲವಾದರೂ ಅವರು ಒಂದು ಸಲವೂ ಫೋನಿನಲ್ಲಿ ಮಾತಾಡಲು ಒಪ್ಪಿರಲಿಲ್ಲ. "ದನಿ ಕೇಳಿಸದವರನ್ನು ನಂಬುವುದು ಹೇಗೆ?" ಎಂದು ಅಪ್ಪ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಕೇಳಿದ್ದು ನ್ಯಾಯವಾಗಿಯೇ ಇತ್ತು.

ಹಾಗಾಗಿ ಹೊರಡುವ ಮೊದಲು ಮಾಡಬೇಕಾದ ಏರ್ಪಾಡುಗಳನ್ನೆಲ್ಲ ಮಾಡಿಕೊಂಡೆ. ಒಮ್ಮೆಯಾದರೂ ವೀಡಿಯೊ ಕರೆಯಲ್ಲಿ ಮುಖ ನೋಡದೆ ಬರುವುದಿಲ್ಲವೆಂದು ಸ್ಪಷ್ಟವಾಗಿ ಬರೆದೆ. ಅವರು ಬಂದರು, ನಕ್ಕರು, ಕೈಬೀಸಿದರು, ಅಂದು ನಡೆದಿದ್ದ ಆಟದ ಹಲಗೆಯನ್ನು ಎತ್ತಿ ತೋರಿಸಿದರು, ಮಾತಾಡದೆಯೇ ಕರೆ ಮುಗಿಸಿದರು. ಭೇಟಿಯನ್ನು ಯಾರ ಮನೆಯಲ್ಲೂ ಇಟ್ಟುಕೊಳ್ಳದೆ, ಊರಿನ ಮುಖ್ಯ ಚೌಕದ ಕಾಫಿ ಅಂಗಡಿಯಲ್ಲಿ ಹಗಲು ಹೊತ್ತಿಗೆ ಇಟ್ಟುಕೊಂಡೆವು. ಉಳಿಯುವ ಕೋಣೆಯನ್ನು ನಾನೇ ಬೇರೆ ಕಡೆ ಗೊತ್ತು ಮಾಡಿದೆ. ಕಾರು ಓಡಿಸುವುದರಲ್ಲಿ ನನಗಿಂತ ಪಳಗಿದ ಸಹೋದ್ಯೋಗಿಯೊಬ್ಬಳು ಜೊತೆಗೆ ಬಂದಳು; ನಾನೆಲ್ಲಿದ್ದೇನೆ ಎಂಬುದು ಅವಳ ಫೋನಿನಲ್ಲೂ ಅಣ್ಣನ ಫೋನಿನಲ್ಲೂ ಕಾಣುತ್ತಲೇ ಇತ್ತು. ಇವೆಲ್ಲ ಅಗತ್ಯವಿತ್ತೇ ಎಂದು ಅಣ್ಣ ನಕ್ಕ. ಇತ್ತೆಂದೇ ಇಂದಿಗೂ ನನ್ನ ಅಭಿಪ್ರಾಯ.

ಅವರ ಊರಾದ ಲೀಯೆಂಟ್ಸ್ ಆಲ್ಪ್ಸ್ ಪರ್ವತದ ಮುಖ್ಯ ಸಾಲಿನ ದಕ್ಷಿಣ ಮಗ್ಗುಲಲ್ಲಿದೆ. ಮ್ಯೂನಿಕ್‌ನಿಂದ ಅಲ್ಲಿಗೆ ತಲುಪಲು ಬೆಟ್ಟದ ಹೊಟ್ಟೆಯನ್ನು ಕೊರೆದು ಮಾಡಿದ ಫೆಲ್ಬರ್‌ಟೌರ್ನ್ ಸುರಂಗದ ದಾರಿ ಒಂದಾದರೆ, ಬೆಟ್ಟವನ್ನೇ ಹತ್ತಿ ಇಳಿಯುವ ಗ್ರೋಸ್‌ಗ್ಲಾಕ್ನರ್ ಎತ್ತರದ ರಸ್ತೆ ಇನ್ನೊಂದು. "ನನ್ನನ್ನು ನೋಡುವುದಷ್ಟೇ ಉದ್ದೇಶವಾದರೆ ಸುರಂಗದಲ್ಲಿ ಬಾ, ಆದರೆ ಮೇಲಿನಿಂದ ಬಂದರೆ ನನ್ನದೊಂದು ಕೆಲಸ ಮಾಡಿಕೊಡಬೇಕು" ಎಂದು ಅವರು ಬರೆದಿದ್ದರು. ಫ್ರಾಂಜ್ ಯೋಸೆಫ್ ಚಕ್ರವರ್ತಿಯ ಹೆಸರಿನ ವೀಕ್ಷಣಾ ಸ್ಥಳದಲ್ಲಿ, ಕಟಕಟೆಯ ಪಕ್ಕ, ಗ್ರೋಸ್‌ಗ್ಲಾಕ್ನರ್ ಶಿಖರವು ಎಡಕ್ಕೆ ಬರುವಂತೆ ನಿಂತು ಕೆಳಗಿನ ಕಣಿವೆಯ ಒಂದು ಚಿತ್ರ ತೆಗೆದು ತರಬೇಕು. ಏಕೆಂದು ಹೇಳಿರಲಿಲ್ಲ. ಆ ಒಂದು ಕೆಲಸಕ್ಕಾಗಿಯೇ ನಾವು ಮೇಲಿನ ದಾರಿ ಹಿಡಿದೆವು.

ಆ ರಸ್ತೆಯ ಬಗ್ಗೆ ಅಪ್ಪನಿಗೆ ಆಸಕ್ತಿ ಇದ್ದೇ ಇರುತ್ತದೆ. 1930ರಲ್ಲಿ ಕೆಲಸ ಆರಂಭವಾಗಿ 1935ರ ಆಗಸ್ಟ್ 3ರಂದು ಉದ್ಘಾಟನೆಯಾಯಿತು. ಆರ್ಥಿಕ ಕುಸಿತದಿಂದ ಕೂಲಿಯಿಲ್ಲದೆ ಕಂಗೆಟ್ಟಿದ್ದ ಸಾವಿರಾರು ಜನರಿಗೆ ಅದು ಕೆಲಸ ಕೊಟ್ಟಿತು. ಫ್ರಾಂಜ್ ವಾಲಾಕ್ ಎಂಬ ಎಂಜಿನಿಯರ್ ರೂಪಿಸಿದ ಈ ರಸ್ತೆಯ ಉದ್ದ 48 ಕಿಲೋಮೀಟರ್, ಹೇರ್‌ಪಿನ್ ತಿರುವುಗಳು 36. ಪ್ರತಿ ತಿರುವಿನಲ್ಲೂ ಅದರ ಸಂಖ್ಯೆಯನ್ನೂ ಸಮುದ್ರಮಟ್ಟದಿಂದ ಅದರ ಎತ್ತರವನ್ನೂ ಬರೆದ ಫಲಕವಿದೆ. ಹತ್ತುತ್ತಾ ಹೋದಂತೆ ಅವನ್ನು ಓದುವುದೇ ಒಂದು ಚಟವಾಗುತ್ತದೆ. ಏರು ಎಲ್ಲಿಯೂ ನೂರು ಮೀಟರಿಗೆ ಸುಮಾರು ಹನ್ನೆರಡು ಮೀಟರನ್ನು ಮೀರದಂತೆ ನೋಡಿಕೊಂಡಿರುವುದರಿಂದ ಕಾರು ಏದುಸಿರು ಬಿಡದೆ ಹತ್ತುತ್ತದೆ. ಚಳಿಗಾಲದುದ್ದಕ್ಕೂ ಹಿಮ ಬಿದ್ದು ಮುಚ್ಚಿಹೋಗುವ ಈ ರಸ್ತೆಯನ್ನು ಸಾಮಾನ್ಯವಾಗಿ ಮೇ ತಿಂಗಳ ಆರಂಭದಲ್ಲಿ ತೆರೆಯುತ್ತಾರೆ. ಬೇಸಗೆಯಲ್ಲೂ ರಾತ್ರಿ ಹೊತ್ತು ವಾಹನಗಳನ್ನು ಬಿಡುವುದಿಲ್ಲ. ಹಿಂದೆ ನೂರಾರು ಆಳುಗಳು ಸಲಿಕೆ ಹಿಡಿದು ಹಿಮ ತೆಗೆಯುತ್ತಿದ್ದರಂತೆ. ಆಮೇಲೆ ವಾಲಾಕ್ ಅವರೇ ಅದಕ್ಕೂ ಒಂದು ಯಂತ್ರ ರೂಪಿಸಿದರು.

ಫೆರ್ಲೈಟೆನ್ ಎಂಬಲ್ಲಿ ಸುಂಕ ಕಟ್ಟಿದ ಮೇಲೆ ಮೊದಲು ಪೈನ್ ಕಾಡು, ನಂತರ ಕುರುಚಲು, ನಂತರ ಬರೀ ಹುಲ್ಲು, ಕೊನೆಗೆ ಕಲ್ಲು. ಜುಲೈ ತಿಂಗಳಾದರೂ ನೆರಳಿನ ಮಗ್ಗುಲಲ್ಲಿ ಹಿಮದ ಪಟ್ಟೆಗಳು ಉಳಿದಿದ್ದವು. ಮೋಟಾರ್ ಸೈಕಲ್ಲಿನವರ ಕಾಟ ಬಿಟ್ಟರೆ ಭಯಪಡುವಂಥದ್ದೇನೂ ಇರಲಿಲ್ಲ. ರಸ್ತೆಯ ಅತ್ಯುನ್ನತ ದಾಟು ಹೋಕ್‌ಟೋರ್, 2504 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಚಿಕ್ಕ ಸುರಂಗದಲ್ಲಿ ಈ ಕಡೆಯಿಂದ ನುಗ್ಗಿದರೆ ಸಾಲ್ಜ್‌ಬರ್ಗ್ ಪ್ರಾಂತ್ಯ ಮುಗಿದು ಆ ಕಡೆ ಕ್ಯಾರಿಂಥಿಯ ಆರಂಭವಾಗುತ್ತದೆ. ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ರೋಮನ್ನರ ಕಾಲದ ಹರ್ಕ್ಯುಲಿಸ್‌ನ ಪುಟ್ಟ ಕಂಚಿನ ಮೂರ್ತಿಯೊಂದು ಸಿಕ್ಕಿತ್ತು. ಹೊಸ ರಸ್ತೆಗೆ ಸ್ಥಳ ಹುಡುಕಿದವರು ಹಳೆಯ ದಾರಿಹೋಕರ ಹೆಜ್ಜೆಯ ಮೇಲೆಯೇ ನಡೆದಿದ್ದರೆಂದು ಇದರಿಂದ ತಿಳಿಯಿತಂತೆ. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಸಬಾರದು, ಹತ್ತುವಾಗ ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಸಬೇಕು ಎಂದು ಅಪ್ಪ ಹೇಳುತ್ತಿದ್ದುದನ್ನು ಸಹೋದ್ಯೋಗಿಗೆ ಹೇಳಿದೆ. ಅವಳಿಗೆ ಅದು ಮೊದಲೇ ಗೊತ್ತಿತ್ತು.

ಅಲ್ಲಿಂದ ಇಳಿದ ಮೇಲೆ ಕವಲೊಡೆಯುವ ರಸ್ತೆಯಲ್ಲಿ ಹೋದರೆ ಗೆಳತಿ ಹೇಳಿದ ಸ್ಥಳ. ಚಕ್ರವರ್ತಿ ಫ್ರಾಂಜ್ ಯೋಸೆಫ್ 1856ರಲ್ಲಿ ಪತ್ನಿ ಎಲಿಜಬೆತ್ ಜೊತೆ ಈ ಕಡೆ ಬಂದಿದ್ದರಿಂದ ಆ ಹೆಸರು. ಎದುರಿಗೆ 3798 ಮೀಟರಿನ ಗ್ರೋಸ್‌ಗ್ಲಾಕ್ನರ್, ಆಸ್ಟ್ರಿಯದ ಅತಿ ಎತ್ತರದ ಶಿಖರ. ಅದರ ಕೆಳಗೆ ಆ ದೇಶದ ಅತಿ ದೊಡ್ಡ ಹಿಮನದಿ ಪಾಸ್ಟರ್ಜ. ದೊಡ್ಡದು ಎಂದು ಓದಿ ಹೋದ ನನಗೆ ಕಟಕಟೆಯಿಂದ ಬಗ್ಗಿ ನೋಡಿದಾಗ ಮೊದಲು ಕಂಡದ್ದು ಮಂಜುಗಡ್ಡೆಯಲ್ಲ. ಕೆಳಗೆ ಬೂದು ಬಣ್ಣದ ನೀರು, ಜಲ್ಲಿ, ಉಜ್ಜಿ ನುಣುಪಾದ ಬಂಡೆಗಳು, ಅವೆಲ್ಲದರ ಆಚೆ ದೂರದಲ್ಲಿ ಕೊಳೆಯಾದ ಹಿಮ. 1963ರಲ್ಲಿ ಕಟ್ಟಿದ ಹಳಿಬಂಡಿ ಆ ಕಾಲದಲ್ಲಿ ಜನರನ್ನು ಹಿಮನದಿಯ ಅಂಚಿಗೇ ಇಳಿಸುತ್ತಿತ್ತು. ಈಗ ಆ ಅಂಚು ಅಲ್ಲಿಂದ ಬಹಳ ದೂರ ಸರಿದಿದೆ. ಹೇಳಿದಂತೆಯೇ ನಿಂತು ಚಿತ್ರ ತೆಗೆದುಕೊಂಡೆ.

ಹೈಲಿಗೆನ್‌ಬ್ಲುಟ್ ಎಂಬ ಹಳ್ಳಿಯ ಸೂಜಿಮೊನೆಯ ಚರ್ಚನ್ನು ದಾಟಿ, ಈಸೆಲ್ಸ್‌ಬರ್ಗ್ ಎಂಬ ಚಿಕ್ಕ ಘಟ್ಟವನ್ನೂ ಇಳಿದು, ಮಧ್ಯಾಹ್ನದ ಹೊತ್ತಿಗೆ ಲೀಯೆಂಟ್ಸ್ ಸೇರಿದೆವು. ಸಹೋದ್ಯೋಗಿ ಊರಿನ ಹೊರಗಿರುವ ಅಗುಂಟಮ್ ಎಂಬ ರೋಮನ್ ಪಟ್ಟಣದ ಅವಶೇಷಗಳನ್ನು ನೋಡುತ್ತೇನೆಂದು ಹೊರಟಳು.

ಗೆಳತಿ ನನಗಿಂತ ಮೊದಲೇ ಬಂದು ಕುಳಿತಿದ್ದರು. ಪತ್ರಗಳಲ್ಲಿ ಅಷ್ಟು ಚುರುಕಾಗಿ, ಒಂದೊಂದು ಸಾಲಿಗೂ ತಮಾಷೆ ಬೆರೆಸಿ ಬರೆಯುವವರು ಎದುರಿಗೆ ಸಿಕ್ಕಾಗ ಬಹಳ ಹೊತ್ತು ಏನೂ ಮಾತಾಡಲಿಲ್ಲ. ನಾನು ಆಡಿದ ಮಾತಿಗೆಲ್ಲ ತಲೆದೂಗುತ್ತಿದ್ದರು. ಕೆಲವು ಕಡೆ ತಲೆದೂಗಬಾರದಲ್ಲಿಯೂ ತಲೆದೂಗಿದರು. ನನ್ನ ಉಚ್ಚಾರಣೆ ಅಷ್ಟು ಕೆಟ್ಟದಾಗಿದೆಯೇ ಎಂದು ನಾನು ಒಳಗೊಳಗೇ ಕುಗ್ಗುತ್ತಿರುವಾಗ ಅವರು ಕೂದಲನ್ನು ಸರಿಸಿ ಕಿವಿಯ ಹಿಂದಿದ್ದ ಶ್ರವಣಯಂತ್ರವನ್ನು ತೋರಿಸಿದರು. ಒಂದು ಕಿವಿ ಚಿಕ್ಕಂದಿನಿಂದಲೇ ಕೇಳಿಸುವುದಿಲ್ಲ, ಇನ್ನೊಂದು ಇತ್ತೀಚೆಗೆ ಮಂದವಾಗುತ್ತಿದೆ. ಜನರ ಗದ್ದಲದ ನಡುವೆ ಎಲ್ಲ ಮಾತೂ ಒಂದರೊಳಗೊಂದು ಕಲಸಿಹೋಗುತ್ತದೆ, ಫೋನಿನಲ್ಲಂತೂ ಏನೂ ತಿಳಿಯುವುದಿಲ್ಲ. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ಇಷ್ಟು ವರ್ಷ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ಕಾಗದದ ಮೇಲೆ ತಮಗೆ ಕಿವುಡಿಲ್ಲವಲ್ಲ, ಅಲ್ಲಿಯೂ ಅದನ್ನು ಏಕೆ ಹೊತ್ತು ತರಬೇಕು ಎಂದರು.

ಆಮೇಲೆ ಅವರು ಕೈಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ನಡುವೆ ಇಟ್ಟರು. ನಂಬುತ್ತೀರೋ ಇಲ್ಲವೋ, ಎದುರುಬದುರು ಕುಳಿತುಕೊಂಡೇ ನಾವು ಬರೆಯತೊಡಗಿದೆವು. ಅವರೊಂದು ಸಾಲು, ನಾನೊಂದು ಸಾಲು. ಅಲ್ಲಿಂದ ಮುಂದೆ ಅವರು ನನಗೆ ಪರಿಚಯವಿದ್ದ ಅವರೇ ಆದರು. ಬರೆಯುವ ಮೊದಲೇ ತಮ್ಮ ತಮಾಷೆಗೆ ತಾವೇ ನಗುತ್ತಾರೆಂಬುದೊಂದು ಹೊಸದಾಗಿ ತಿಳಿಯಿತು. ಪಕ್ಕದ ಮೇಜಿನವರು ನಮ್ಮನ್ನು ಏನೆಂದುಕೊಂಡರೋ ತಿಳಿಯದು.

ಚಿತ್ರದ ಗುಟ್ಟೂ ಆಗಲೇ ಹೊರಬಿತ್ತು. ಅವರು ನೋಟ್‌ಬುಕ್ಕಿನ ಹಾಳೆಗಳ ನಡುವಿನಿಂದ ಒಂದು ಕಪ್ಪುಬಿಳುಪು ಫೋಟೊ ತೆಗೆದರು. ಹಿಂದೆ 1966 ಎಂದು ಬರೆದಿತ್ತು. ಅದೇ ಕಟಕಟೆಯ ಮುಂದೆ ತಂದೆತಾಯಿಯರ ನಡುವೆ ಎರಡು ಜಡೆಯ ಹುಡುಗಿಯಾಗಿ ಅವರು ನಿಂತಿದ್ದಾರೆ. ಹಿಂದೆ ಕಣಿವೆಯ ತುಂಬ ಮಂಜುಗಡ್ಡೆ, ಅದರ ಮೇಲೆ ಚುಕ್ಕೆಗಳಂತೆ ನಡೆದಾಡುವ ಜನ. ನನ್ನ ಫೋನನ್ನು ಅದರ ಪಕ್ಕದಲ್ಲಿಟ್ಟುಕೊಂಡು ಅವರು ಬೆರಳಿನಿಂದ ಒಂದೊಂದು ಬಂಡೆಯನ್ನೂ ಗುರುತು ಹಿಡಿಯಲು ನೋಡಿದರು. ಶಿಖರದ ಅಂಚು ಮಾತ್ರ ಎರಡರಲ್ಲೂ ಸರಿಹೊಂದಿತು. 1850ರ ಸುಮಾರಿಗೆ ಇದ್ದ ಹಿಮದಲ್ಲಿ ಅರ್ಧದಷ್ಟೂ ಈಗ ಉಳಿದಿಲ್ಲವೆಂದು ನಾನು ಓದಿದ್ದೆ. ಆದರೆ ಆ ಅಂಕಿಯನ್ನು ಅವರಿಗೆ ಬರೆದು ತೋರಿಸುವ ಮನಸ್ಸಾಗಲಿಲ್ಲ. ಎತ್ತರಕ್ಕೆ ಹೋದರೆ ಕಿವಿನೋವು ತಡೆಯಲಾಗದ್ದರಿಂದ ಅವರು ಮೇಲೆ ಹೋಗುವುದನ್ನು ಬಿಟ್ಟು ಬಹಳ ಕಾಲವಾಗಿದೆಯಂತೆ. ಪರಿಚಯದವರನ್ನು ಯಾರನ್ನಾದರೂ ಕೇಳಿದ್ದರೆ ಚಿತ್ರ ಸಿಗುತ್ತಿರಲಿಲ್ಲವೇ ಎಂದು ಬರೆದೆ. ಇಲ್ಲಿಯವರಿಗೆಲ್ಲ ಅದು ಗೊತ್ತಿರುವುದರಿಂದ ಅಯ್ಯೋ ಎಂದುಬಿಡುತ್ತಾರೆ, ಹಿಂದೆ ನೋಡಿರದವರ ಕಣ್ಣಿನಿಂದ ನೋಡಬೇಕಾಗಿತ್ತು ಎಂದು ಬರೆದರು.

ಅಪ್ಪ ಕಾಯುತ್ತಿರುವ ವಿಷಯ ಈಗ. ಸಂಜೆ ನದಿಯ ದಡದ ಬೆಂಚಿನ ಮೇಲೆ ಹಲಗೆ ಹರಡಿ ಆಡಿದೆವು. ಅಲ್ಲಿ ಜನಸಂದಣಿಯಿರಲಿಲ್ಲ, ಮಾತೂ ಸ್ವಲ್ಪ ಸಾಗಿತು. ಅವರು ಕಪ್ಪು ಕಾಯಿಗಳಲ್ಲಿ ಎಂದಿನಂತೆ ಕಾರೊ-ಕಾನ್ ರಕ್ಷಣೆ ಎಂಬ ಆರಂಭದ ಕ್ರಮವನ್ನೇ ಆಡಿದರು. ಆ ಹೆಸರಿನ ಅರ್ಧ ವಿಯೆನ್ನಾದ ಮಾರ್ಕಸ್ ಕಾನ್ ಅವರದ್ದೆಂಬ ಅಭಿಮಾನವೂ ಅದರಲ್ಲಿ ಇದ್ದೀತು. ಬೇರೆ ಸಮಯದಲ್ಲಿ ಒಂದು ಕಾಲಾಳು ನಡೆಸಲು ಮೂರನೆಯ ದಿನದ ರಾತ್ರಿಯವರೆಗೆ ಕಾಯಿಸುವವರು ಎದುರಿಗೆ ಕೂತಾಗ ಕಾಯಿಯನ್ನು ಕೈಯಿಂದ ಬಿಡುವುದರೊಳಗೆ ನನ್ನ ಗಡಿಯಾರದತ್ತ ಬೆರಳು ತೋರಿಸುತ್ತಾರೆ! ಆನೆಗಳ ಕೊನೆಯಾಟದಲ್ಲಿ ಒಂದು ಕಾಲಾಳು ಹೆಚ್ಚಿದ್ದೂ ನನಗೆ ಗೆಲ್ಲಲಾಗಲಿಲ್ಲ. ಆಟವನ್ನು ಬೇರೆ ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ರಾಜನನ್ನು ಮುಂದೆ ತಂದಿದ್ದರೆ ಏನಾಗುತ್ತಿತ್ತೆಂದು ನೋಡಿ ತಿಳಿಸಬೇಕು.

ಮರುದಿನ ಸುರಂಗದ ದಾರಿಯಲ್ಲಿ ಹಿಂತಿರುಗಿದೆವು. ಆ ದಾರಿಯ ಬೆಲೆ ಅವರ ಮಾತು ಕೇಳಿದ ಮೇಲೆಯೇ ನನಗೆ ತಿಳಿದದ್ದು. ಮೊದಲ ಮಹಾಯುದ್ಧ ಮುಗಿದು ದಕ್ಷಿಣ ಟಿರೋಲ್ ಇಟಲಿಗೆ ಸೇರಿದಾಗ ಲೀಯೆಂಟ್ಸ್ ಸೀಮೆ ತನ್ನದೇ ಪ್ರಾಂತ್ಯವಾದ ಟಿರೋಲ್‌ನ ಉಳಿದ ಭಾಗದಿಂದ ತುಂಡಾಗಿ ಉಳಿಯಿತು. ಪ್ರಾಂತ್ಯದ ರಾಜಧಾನಿಯಾದ ಇನ್ಸ್‌ಬ್ರುಕ್‌ಗೆ ಹೋಗಬೇಕಾದರೆ ಇಟಲಿಯ ನೆಲವನ್ನು ದಾಟಬೇಕು, ಇಲ್ಲವೇ ಪರ್ವತವನ್ನು ಏರಿಳಿಯಬೇಕು. 1967ರಲ್ಲಿ ಐದು ಕಿಲೋಮೀಟರಿಗೂ ಉದ್ದದ ಆ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ನೆಮ್ಮದಿಯಾಗಿ ಓಡಾಡುವಂತಾಯಿತು. ಫೋಟೊದಲ್ಲಿರುವ ಅವರ ತಂದೆ ಅದನ್ನು ಕೊರೆದ ಕೆಲಸಗಾರರಲ್ಲಿ ಒಬ್ಬರು. ಹೋಗುವಾಗ ಹಾರ್ನ್ ಮಾಡಬೇಡಿ, ಒಳಗೆ ಮೊಳಗಿದರೆ ನನ್ನ ತಂದೆಗೆ ಆಗುತ್ತಿರಲಿಲ್ಲ ಎಂದು ಬೀಳ್ಕೊಡುವಾಗ ಬರೆದುಕೊಟ್ಟಿದ್ದರು. ನಾವು ಮಾಡಲಿಲ್ಲ.

ನೀವಿಬ್ಬರೂ ಬರುವ ವರ್ಷ ಮೇ ತಿಂಗಳ ನಂತರ ಬರುವುದಾದರೆ ಅವರನ್ನು ಕಾಣಲು ಕರೆದುಕೊಂಡು ಹೋಗುತ್ತೇನೆ. ಅಮ್ಮಾ, ನಿನಗೆ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ, ಆದ್ದರಿಂದ ಎರಡು ಕಡೆಗೂ ಸುರಂಗದಲ್ಲೇ ಹೋಗೋಣ. ಅಪ್ಪನ ಜೊತೆ ಒಂದು ಆಟವಾಡಬೇಕೆಂದು ಅವರಾಗಿಯೇ ಕೇಳಿದ್ದಾರೆ. ಭಾಷೆಯ ಚಿಂತೆ ಬೇಡ, ನಡೆಗಳನ್ನು ನಾನು ಇಲ್ಲಿಂದಲೇ ತಲುಪಿಸುತ್ತೇನೆ. ಅಪ್ಪ ಬಿಳಿಯ ಮೊದಲ ನಡೆಯನ್ನು ಈ ಪತ್ರದ ಉತ್ತರದಲ್ಲಿ ಬರೆದು ಕಳಿಸಿದರೆ ಸಾಕು.

ಅಜ್ಜಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇತಿ ನಿಮ್ಮ ಪ್ರೀತಿಯ
ಮಗಳು