ಮಗಳಿಗೊಂದು ಪತ್ರ: ತೋಳಗಳ ಮನೆಯಲ್ಲಿ ಯಜಮಾನ ಯಾರು?

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಮನೆಯವರ ಗ್ರೂಪಿಗೆ ನೀನು ಹಾಕಿದ ತೋಳಗಳ ಚಿತ್ರ ನೋಡಿದೆ. ಹಿಮದಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹೊರಟಿವೆ. ಮುಂದಿನವು ಮುದಿ ತೋಳಗಳು, ಆಮೇಲಿನವು ಗಟ್ಟಿಮುಟ್ಟಾದವು, ಎಲ್ಲಕ್ಕಿಂತ ಹಿಂದೆ ಒಂಟಿಯಾಗಿ ಬರುತ್ತಿರುವುದೇ ನಾಯಕ, ಅದೇ ‘ಆಲ್ಫಾ’ ಅಂತ ಕೆಳಗೆ ಬರೆದಿತ್ತು. ನಿಮ್ಮ ಆಫೀಸಿಗೆ ಲೀಡರ್‌ಶಿಪ್ ತರಬೇತಿ ಕೊಡಲು ಬಂದವನು ಇದನ್ನೇ ಪರದೆಯ ಮೇಲೆ ತೋರಿಸಿ, ನೀವೂ ಆಲ್ಫಾ ಆಗಬೇಕು ಅಂದನಂತೆ. ನಿಮ್ಮಪ್ಪ ಒಂದು ಹೆಬ್ಬೆರಳು ಒತ್ತಿ ಮಲಗಿಬಿಟ್ಟರು. ನನಗೆ ನಿದ್ದೆ ಬರಲಿಲ್ಲ. ವರ್ಷಗಟ್ಟಲೆ ಜೀವಶಾಸ್ತ್ರ ಪಾಠ ಮಾಡಿದವಳ ಹಣೆಬರಹ. ಫೋನು ಮಾಡಿದರೆ ‘ಆಮೇಲೆ ಮಾತಾಡ್ತೀನಮ್ಮ, ಮೀಟಿಂಗ್ ಇದೆ’ ಅನ್ನುತ್ತೀಯ. ಅದಕ್ಕೇ ಈ ಕಾಗದ.

ಮೊದಲು ಆ ಚಿತ್ರದ ಲೆಕ್ಕ ಮುಗಿಸಿಬಿಡುತ್ತೇನೆ. ಅದು ಕೆನಡಾದ ಉತ್ತರಕ್ಕಿರುವ ವುಡ್ ಬಫಲೋ ರಾಷ್ಟ್ರೀಯ ಉದ್ಯಾನದ್ದು. 2011ರಲ್ಲಿ ಬಂದ ಬಿಬಿಸಿ ಸರಣಿಯೊಂದಕ್ಕಾಗಿ ಚಾಡೆನ್ ಹಂಟರ್ ಎಂಬುವರು ತೆಗೆದದ್ದು. ಅಲ್ಲಿರುವುದು ಬೈಸನ್ ಬೇಟೆಗೆ ಹೊರಟ 25 ತೋಳಗಳ ಗುಂಪು. ಮುಂದೆ ನಡೆಯುತ್ತಿರುವುದು ಆ ಗುಂಪಿನ ಹಿರಿಯ ಹೆಣ್ಣು. ಆಳದ ಹಿಮದಲ್ಲಿ ಅವಳು ಕಾಲೂರಿ ದಾರಿ ಮಾಡುತ್ತಾಳೆ, ಉಳಿದವು ಅದೇ ಜಾಡು ಹಿಡಿದು ನಡೆದರೆ ಸುಸ್ತು ಕಡಿಮೆ. ಅಷ್ಟೇ ವಿಷಯ. ಮುದಿ, ಗಟ್ಟಿ, ನಾಯಕ ಎಲ್ಲ ಆಮೇಲೆ ಯಾರೋ ಹೊಸೆದ ಕಥೆ. ಮುಂದಿದ್ದ ಹೆಣ್ಣನ್ನು ಅಳಿಸಿ ಹಿಂದೊಬ್ಬ ನಾಯಕನನ್ನು ನಿಲ್ಲಿಸಿದ್ದು ಯಾಕಿರಬಹುದು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ.

ಈ ಆಲ್ಫಾ ಅನ್ನುವ ಕಲ್ಪನೆ ಹುಟ್ಟಿದ ಜಾಗ ಕೇಳಿದರೆ ನಗು ಬರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯ! ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಅಲ್ಲಿ ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ 1947ರಲ್ಲಿ ಒಂದು ಪ್ರಬಂಧ ಬರೆದರು. ಬಲವಾದದ್ದು ಉಳಿದವನ್ನು ತುಳಿದು ಮೇಲೇರುತ್ತದೆ, ಗಂಡಿನಲ್ಲೊಂದು ಹೆಣ್ಣಿನಲ್ಲೊಂದು ಹೀಗೆ ಜೋಡಿಯೊಂದು ಎಲ್ಲರ ಮೇಲೆ ಸವಾರಿ ಮಾಡುತ್ತದೆ ಅಂತ ಅದರ ಸಾರ. ಶೆಂಕೆಲ್ ಸುಳ್ಳು ಬರೆಯಲಿಲ್ಲ, ಕಂಡದ್ದನ್ನೇ ಬರೆದರು. ಆದರೆ ಬೇಲಿಯೊಳಗಿದ್ದ ತೋಳಕ್ಕೆ ಜಗಳವಾದರೆ ಎದ್ದು ಹೋಗಲು ಎಲ್ಲಿದೆ ದಾರಿ? ಸಂಜೆಯಾದರೂ ಅದೇ ಮುಖ, ಬೆಳಗಾದರೂ ಅದೇ ಮುಖ. ಕಾಡಿನಲ್ಲಿ ಮನಸ್ತಾಪ ಬಂದ ತೋಳ ಹೊರಟೇ ಹೋಗುತ್ತದೆ.

ಆ ಕಲ್ಪನೆಯನ್ನು ಜಗತ್ತಿಗೆಲ್ಲ ಹಂಚಿದವರು ಅಮೆರಿಕದ ಡೇವಿಡ್ ಮೀಚ್. 1958ರಲ್ಲಿ ವಿದ್ಯಾರ್ಥಿಯಾಗಿ ಐಲ್ ರಾಯಲ್ ದ್ವೀಪದ ತೋಳಗಳ ಹಿಂದೆ ಬಿದ್ದವರು, 1970ರಲ್ಲಿ ತೋಳದ ಮೇಲೆ ದೊಡ್ಡ ಪುಸ್ತಕ ಬರೆದರು, ಅದರಲ್ಲಿ ಆಲ್ಫಾ ವಿಚಾರವೂ ಬಂತು, ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಆಗ ಅವರಿಗೆ ಸಿಗುತ್ತಿದ್ದ ನೋಟವಾದರೂ ಎಂಥದ್ದು? ಚಳಿಗಾಲದಲ್ಲಿ ಪುಟ್ಟ ವಿಮಾನದಲ್ಲಿ ಕೂತು ಮೇಲಿನಿಂದ ನೋಡುವುದು, ಮಿನ್ನೆಸೋಟದ ದಟ್ಟ ಕಾಡಿನಲ್ಲಿ ತೋಳದ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬೀಪ್ ಬೀಪ್ ಕೇಳುವುದು. ಮನುಷ್ಯನ ಗುಂಡು, ಬೋನು ಎರಡನ್ನೂ ಕಂಡ ತೋಳ ಮನುಷ್ಯನ ವಾಸನೆ ಬಂದರೆ ಸಾಕು ಮಾಯವಾಗುತ್ತದೆ. ಮನೆಯೊಳಗೆ ಏನು ನಡೆಯುತ್ತದೆ ಅಂತ ತಿಳಿಯುವುದು ಹೇಗೆ?

ಅದಕ್ಕೆ ಬೇಕಿದ್ದದ್ದು ಮನುಷ್ಯನಿಗೆ ಹೆದರದ ತೋಳ. ಅಂಥವು ಸಿಕ್ಕಿದ್ದು ಕೆನಡಾದ ಉತ್ತರದ ತುದಿಯಲ್ಲಿ, ಎಲ್ಸ್‌ಮಿಯರ್ ದ್ವೀಪದಲ್ಲಿ. ಅಟ್ಲಾಸ್ ತೆಗೆದು ನೋಡು, 80 ಡಿಗ್ರಿ ಉತ್ತರ ಅಕ್ಷಾಂಶ. ಒಂದು ಮರವಿಲ್ಲ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಹಾಗಾಗಿ ನಡುರಾತ್ರಿಯಲ್ಲೂ ಬಿಸಿಲಿನಲ್ಲಿ ಕೂತು ಟಿಪ್ಪಣಿ ಬರೆಯಬಹುದು. ಬಿಳಿಯ ತೋಳಗಳು, ಅವುಗಳ ಬಾಯಿಗೆ ಬಿಳಿಯ ಮೊಲಗಳು ಮತ್ತು ಮಸ್ಕ್‌ಆಕ್ಸ್ ಅನ್ನುವ ಉದ್ದ ಕೂದಲಿನ ಗೂಳಿಯಂಥ ಪ್ರಾಣಿ. 1986ರಲ್ಲಿ ಮೀಚ್ ಮತ್ತು ಛಾಯಾಗ್ರಾಹಕ ಜಿಮ್ ಬ್ರಾಂಡೆನ್‌ಬರ್ಗ್ ಅಲ್ಲಿ ಬಂಡೆಯ ಗುಹೆಯೊಂದರಲ್ಲಿ ಮರಿ ಹಾಕಿದ್ದ ತೋಳಗಳನ್ನು ಕಂಡರು. ಆಮೇಲೆ ಪ್ರತಿ ಬೇಸಿಗೆ ಮೀಚ್ ಅಲ್ಲಿಗೇ ಹೋದರು.

ತೋಳಗಳ ನಡುವೆ ಬದುಕುವುದು ಅಂದರೆ ಸಿನಿಮಾದವರು ತೋರಿಸುವಂತೆ ನಾಲ್ಕು ಕಾಲಲ್ಲಿ ನಡೆದು ಹಸಿ ಮಾಂಸ ತಿನ್ನುವುದಲ್ಲ. ಗುಡಾರ ಹಾಕಿಕೊಂಡು ಕೂರುವುದು, ದಿನವೂ ಅದೇ ಮನುಷ್ಯ ಅದೇ ರೀತಿ ಇರುವುದು, ಓಡದಿರುವುದು, ಮರಿಗಳನ್ನು ಮುಟ್ಟಲು ಹೋಗದಿರುವುದು. ತೋಳಗಳಿಗೆ ಇವನೊಬ್ಬ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅನ್ನಿಸುವ ತನಕ ಕಾಯಬೇಕು. ಅವು ಬೇಟೆಗೆ ಹೊರಟರೆ ಮೀಚ್ ನಾಲ್ಕು ಚಕ್ರದ ಬೈಕಿನಲ್ಲಿ ಹಿಂದೆ ಹೋಗುತ್ತಿದ್ದರು. ನಮ್ಮ ಜನಕ್ಕೆ ಇದು ಸಾಹಸ ಅಂತಲೇ ಅನ್ನಿಸಲಿಕ್ಕಿಲ್ಲ. ನನಗೆ ಹುಲಿಯ ಬಾಯಿಗೆ ಕೈಯಿಡುವುದಕ್ಕಿಂತ ಇದೇ ಕಷ್ಟದ್ದು ಅನ್ನಿಸುತ್ತದೆ.

ಹಾಗೆ ಕೂತವರಿಗೆ ಕಂಡದ್ದು ಇದು. ಬೇಟೆಗೆ ಹೋದ ಅಪ್ಪ ತೋಳ ಹೊಟ್ಟೆ ತುಂಬಿಸಿಕೊಂಡು ದೂರದಿಂದ ಬರುತ್ತದೆ. ಮರಿಗಳು ಗುಹೆಯಿಂದ ನುಗ್ಗಿ ಬಂದು ಅದರ ಬಾಯಿಯ ಮೂಲೆಗೆ ಮೂತಿ ತಿವಿಯುತ್ತವೆ, ನೆಕ್ಕುತ್ತವೆ, ಬಿಡುವುದೇ ಇಲ್ಲ. ಅಪ್ಪ ಬೆನ್ನು ಬಾಗಿಸಿ ಕತ್ತು ತಗ್ಗಿಸಿ ಗಳಕ್ಕನೆ ಕಾರುತ್ತದೆ. ಕಾರಿದ್ದು ನೆಲ ಸೇರುವಷ್ಟರಲ್ಲಿ ಮರಿಗಳ ಬಾಯಲ್ಲಿ. ಹಾಲೂಡಿಸುವ ಅಮ್ಮನೂ ಒಮ್ಮೊಮ್ಮೆ ಬಾಲ ಆಡಿಸುತ್ತ ಬಂದು ಗಂಡನ ಬಾಯಿ ನೆಕ್ಕಿ ತನ್ನ ಪಾಲು ಕೇಳುತ್ತಾಳೆ, ಸಿಗುತ್ತದೆ. ಮಿಕ್ಕಿದ್ದನ್ನು ನೆಲ ಕೆರೆದು ಹೂತು ಮೂತಿಯಿಂದಲೇ ಮಣ್ಣು ತಳ್ಳಿ ಒತ್ತಿ ಮುಚ್ಚುತ್ತವೆ. ಕೈಕೆಳಗಿನ ತೋಳ ಮೇಲಿನದರ ಮುಂದೆ ಬಗ್ಗುತ್ತದೆ ಅಂತ ಆಲ್ಫಾ ಕಥೆಯವರು ಹೇಳುತ್ತಾರಲ್ಲ, ಕಾಡಿನಲ್ಲಿ ಹೆಚ್ಚಾಗಿ ಆ ಬಗ್ಗುವಿಕೆ ಮಕ್ಕಳು ಅಪ್ಪ ಅಮ್ಮನ ಹತ್ತಿರ ತಿಂಡಿ ಕೇಳುವ ಭಂಗಿಯೇ ಆಗಿರುತ್ತದೆ.

1999ರಲ್ಲಿ ಮೀಚ್ ಒಂದು ಪ್ರಬಂಧ ಬರೆದರು. 13 ಬೇಸಿಗೆ ಆ ಗುಂಪನ್ನು ನೋಡಿದ್ದೇನೆ, ಮೇಲ್ಗೈಗಾಗಿ ನಡೆದ ಕಾದಾಟ ಒಂದನ್ನೂ ಕಂಡಿಲ್ಲ ಅಂತ. ಕಾಡಿನ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಅಪ್ಪ, ಒಂದು ಅಮ್ಮ, ಅವರ ಈ ವರ್ಷದ, ಹಿಂದಿನ ವರ್ಷದ ಮಕ್ಕಳು. ಮುಂದಾಳು ಯಾರು ಅನ್ನುವುದಕ್ಕೆ ಸ್ಪರ್ಧೆ ಯಾತಕ್ಕೆ? ಹೆತ್ತವರೇ ಮುಂದಾಳುಗಳು. ಹಳೆಯ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಅಂತ ಅವರು ಪ್ರಕಾಶಕರ ಬೆನ್ನು ಬಿದ್ದರು. 2022ರಲ್ಲಿ ಮುದ್ರಣ ನಿಂತಿತು. ತಾನೇ ಬರೆದು ಹೆಸರು ಮಾಡಿದ ಪುಸ್ತಕವನ್ನು ನಿಲ್ಲಿಸಿ ಅಂತ ಕೇಳುವ ಲೇಖಕರನ್ನು ನಾನಂತೂ ಬೇರೆ ಕಂಡಿಲ್ಲ.

ನಿನಗೆ ಪೂರ್ತಿ ಹೇಳಬೇಕು. ಎಲ್ಲ ಗುಂಪೂ ಹೀಗೇ ಅಲ್ಲ. ಕೆಲವು ದೊಡ್ಡ ಗುಂಪುಗಳಲ್ಲಿ ಎರಡು ಮೂರು ತಾಯಂದಿರು ಮರಿ ಹಾಕುತ್ತಾರೆ, ಅಲ್ಲಿ ಮೇಲು ಕೀಳು ಇರುತ್ತದೆ. ಪಕ್ಕದ ಗುಂಪಿನವರು ಗಡಿ ದಾಟಿದರೆ ಕೊಂದೇ ಬಿಡುವುದೂ ಉಂಟು. ತೋಳ ಸಾಧು ಪ್ರಾಣಿ ಅಂತ ಹೇಳಲು ನಾನು ಹೊರಟಿಲ್ಲ.

ನನಗೆ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಶೆಂಕೆಲ್ ಪ್ರಬಂಧಕ್ಕೂ ಮೊದಲೇ ಇದನ್ನೆಲ್ಲ ಕಂಡು ಬರೆದವರಿದ್ದರು. ಅಡಾಲ್ಫ್ ಮ್ಯೂರಿ ಅಂತ. 1939ರಲ್ಲಿ ಸರ್ಕಾರ ಅವರನ್ನು ಅಲಾಸ್ಕಾದ ಮೌಂಟ್ ಮೆಕಿನ್ಲಿ ಉದ್ಯಾನಕ್ಕೆ ಕಳಿಸಿತು, ಈಗ ಅದರ ಹೆಸರು ಡೆನಾಲಿ. ಅಲ್ಲಿನ ಕಾಡುಕುರಿಗಳು ಕಡಿಮೆಯಾಗಿದ್ದವು. ತೋಳಗಳನ್ನು ಕೊಲ್ಲಿ ಅಂತ ಬೇಟೆಗಾರರ ಗಲಾಟೆ. ನಿಜ ಏನು ಅಂತ ನೋಡಿ ಬಾ ಅಂದರು. ಆತ ಗುಡ್ಡ ಸುತ್ತಿ ಸತ್ತ ಕುರಿಗಳ 829 ತಲೆಬುರುಡೆ ಆರಿಸಿದರು. ಕೊಂಬಿನ ಉಂಗುರ ಎಣಿಸಿ, ಹಲ್ಲು ನೋಡಿ ವಯಸ್ಸು ಹೇಳಿದರು. ಹೆಚ್ಚಿನವು ತೀರಾ ಎಳೆಯವು, ಇಲ್ಲವೇ ಮುದಿಯಾದವು, ರೋಗ ಬಡಿದವು. ಅದರ ಜೊತೆಗೆ 1,174 ತೋಳದ ಹಿಕ್ಕೆ ಬಿಡಿಸಿ ಕೂದಲು, ಎಲುಬು ಹುಡುಕಿದರು. ವನ್ಯಜೀವಿ ಅಧ್ಯಯನ ಅಂದರೆ ಮುಕ್ಕಾಲು ಪಾಲು ಹಿಕ್ಕೆ ಕೆದಕುವುದೇ ಕಣೇ, ಯಾವ ತರಬೇತಿಯವನೂ ಇದನ್ನು ಪರದೆಯ ಮೇಲೆ ತೋರಿಸುವುದಿಲ್ಲ.

ಮಿಕ್ಕ ಸಮಯದಲ್ಲಿ ಅವರು ನದಿಯಾಚೆ ಗುಡ್ಡದಲ್ಲಿ ಕೂತು ದುರ್ಬೀನಿನಲ್ಲಿ ತೋಳದ ಗವಿ ನೋಡುತ್ತಿದ್ದರು. ಸಂಜೆ ಬೇಟೆಗೆ ಹೊರಡುವ ಮೊದಲು ಎಲ್ಲ ಸೇರಿ ಬಾಲ ಆಡಿಸಿ ಮೂತಿ ತಾಕಿಸಿ ಗದ್ದಲ ಮಾಡುತ್ತಿದ್ದವು. ಒಂದೊಂದು ಸಲ ತಾಯಿಯೂ ಬೇಟೆಗೆ ಹೋದಾಗ ಮತ್ತೊಂದು ಹೆಣ್ಣು ಮರಿ ಕಾಯಲು ಉಳಿಯುತ್ತಿತ್ತು. ತೋಳ ತೋಳದ ಜೊತೆ ಎಷ್ಟು ಸ್ನೇಹದಿಂದಿರುತ್ತದೆ ಅನ್ನುವುದೇ ತನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದದ್ದು ಅಂತ 1944ರ ವರದಿಯಲ್ಲಿ ಬರೆದರು. ಒಮ್ಮೆ ಗವಿಯೊಳಗೆ ತೆವಳಿ ಹೋಗಿ ಮರಿಯನ್ನೂ ತಂದರು. ದೊಡ್ಡ ತೋಳಗಳು ದೂರದಿಂದ ಬೊಗಳಿದವೇ ಹೊರತು ಮೇಲೆ ಬೀಳಲಿಲ್ಲ. ಆ ಮರಿಗೆ ವ್ಯಾಗ್ಸ್ ಅಂತ ಹೆಸರಿಟ್ಟರು. ಮ್ಯೂರಿಯವರ ಪುಟ್ಟ ಮಗಳು ಗೇಲ್ ಅದರ ಜೊತೆ ಆಡುತ್ತಿದ್ದಳು. ಗವಿಯಿಂದ ಮರಿ ಎತ್ತಿ ತರುವುದು ನನಗೆ ಒಪ್ಪಿಗೆಯಿಲ್ಲ, ಆದರೆ ತೋಳದ ಮರಿಯ ಜೊತೆ ಆಡಿದ ಆ ಹುಡುಗಿಯ ಮೇಲೆ ನನಗೆ ಈ ವಯಸ್ಸಿನಲ್ಲೂ ಅಸೂಯೆ.

ಇಷ್ಟೆಲ್ಲ ಯಾಕೆ, ನಮ್ಮ ಹೊಲದಲ್ಲಿ ಪ್ರತಿ ವರ್ಷ ಕುರಿ ನಿಲ್ಲಿಸುವ ಅಜ್ಜನಿಗೆ ಇದು ಹೊಸದೇ ಅಲ್ಲ. ಹೋದ ಸಲ ಬಂದಾಗ ತೋಳದ ಗುಂಪು ಎಷ್ಟು ದೊಡ್ಡದಿರುತ್ತದೆ ಅಂತ ಕೇಳಿದೆ. ‘ಅವು ಗುಂಪಲ್ರೀ ಅಕ್ಕೋರ, ಒಂದ ಮನಿ ಮಂದಿ’ ಅಂದ. ಗವಿಯಲ್ಲಿ ಮರಿ ಇದ್ದಾಗ ಕುರಿಮರಿ ಎತ್ತುವುದು ಜಾಸ್ತಿಯಂತೆ. ಒಂದು ಎದುರಿಗೆ ಬಂದು ನಾಯಿಗಳನ್ನು ಎಳೆದುಕೊಂಡು ಹೋದರೆ ಇನ್ನೊಂದು ಹಿಂದಿನಿಂದ ಬರುತ್ತದಂತೆ. ಸಿಟ್ಟು ಇತ್ತು ಮಾತಿನಲ್ಲಿ, ಒಂದು ಮರಿ ಹೋದರೆ ಅವನಿಗೆ ಸಾವಿರಾರು ರೂಪಾಯಿ ನಷ್ಟ, ಸಿಟ್ಟು ಬರದೆ ಇರುತ್ತದೆಯೇ? ನಮ್ಮ ತೋಳಗಳ ಪಾಡೇ ಹಾಗೆ. ಅವು ಇರುವುದು ಹುಲಿಯ ಹಾಗೆ ಕಾಯ್ದಿಟ್ಟ ಕಾಡಿನಲ್ಲಲ್ಲ, ಕುರುಚಲು ಗುಡ್ಡ, ಹುಲ್ಲುಗಾವಲು, ನಮ್ಮ ನಿಮ್ಮ ಹೊಲದ ಅಂಚಿನಲ್ಲಿ. ದೇಶದಲ್ಲೆಲ್ಲ ಸೇರಿ ಎರಡು ಮೂರು ಸಾವಿರ ಉಳಿದಿರಬಹುದು. ಆ ಜಾಗಗಳಿಗೆ ಸರ್ಕಾರಿ ಕಾಗದದಲ್ಲಿ ಬಂಜರು ಅನ್ನುವ ಹೆಸರು, ಹಾಗಾಗಿ ಸೋಲಾರ್‌ಗೋ ಲೇಔಟಿಗೋ ಕೊಡುವಾಗ ಯಾರೂ ಕೇಳುವುದಿಲ್ಲ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮ ಆಗಿರುವುದು ಒಂದು ಸಮಾಧಾನ.

ಇನ್ನೊಂದು ಹೇಳಿ ಮುಗಿಸುತ್ತೇನೆ. ತೋಳದ ಮಕ್ಕಳು ಹೆಚ್ಚಿನವು ಒಂದರಿಂದ ಮೂರು ವರ್ಷದೊಳಗೆ ಮನೆ ಬಿಡುತ್ತವೆ. ಒಂಟಿಯಾಗಿ ನೂರಾರು ಕಿಲೋಮೀಟರ್ ಅಲೆದು, ಜೊತೆ ಹುಡುಕಿ, ಬೇಟೆ ಇರುವ ಖಾಲಿ ಜಾಗ ನೋಡಿ ತಮ್ಮದೇ ಮನೆ ಹೂಡುತ್ತವೆ. ಎಷ್ಟೋ ದಾರಿಯಲ್ಲೇ ಸಾಯುತ್ತವೆ. ನೀನು ಬೆಂಗಳೂರಿಗೆ ಹೊರಟಾಗ ನಿನ್ನಜ್ಜಿ ಹೆಣ್ಣುಮಗಳನ್ನು ಅಷ್ಟು ದೂರ ಕಳಿಸ್ತೀಯಾ ಅಂತ ನನ್ನ ಮೇಲೆ ಹಾರಾಡಿದ್ದು ನೆನಪಿರಬೇಕು. ಅವರಿಗೆ ಆಗ ತೋಳದ ಕಥೆ ಹೇಳಿದ್ದರೆ ನನಗೆ ಇನ್ನೆರಡು ಬೈಗುಳ ಹೆಚ್ಚಿಗೆ ಬೀಳುತ್ತಿದ್ದವು.

ತರಬೇತಿಯವನ ಮುಂದಿನ ಕ್ಲಾಸಿನಲ್ಲಿ ಜಗಳ ಆಡಲು ಹೋಗಬೇಡ, ಅಪ್ರೈಸಲ್ ಹತ್ತಿರ ಬಂತು ಅಂತ ನೀನೇ ಅಂದಿದ್ದೆ. ಒಂದೇ ಪ್ರಶ್ನೆ ಕೇಳು: ಆ ಚಿತ್ರದಲ್ಲಿ ಮುಂದೆ ಇರುವುದು ಗಂಡೋ ಹೆಣ್ಣೋ ಅಂತ. ಕುರಿಯಜ್ಜ ಸುಗ್ಗಿ ಆದಮೇಲೆ ಬರುತ್ತಾನೆ, ಆಗ ನಾಲ್ಕು ದಿನ ರಜೆ ಹಾಕಿ ಬಾ, ಬೆಳಗ್ಗೆ ಬೇಗ ಗುಡ್ಡದ ಕಡೆ ಹೋಗೋಣ. ನಿಮ್ಮಪ್ಪನ ದುರ್ಬೀನಿನ ಒಂದು ಗಾಜು ಬೂಷ್ಟು ಹಿಡಿದಿದೆ, ಅಲ್ಲೆಲ್ಲಾದರೂ ಕಡಿಮೆಗೆ ಸಿಕ್ಕರೆ ಒಂದು ತಗೊಂಡು ಬಾ. ದುಡ್ಡು ನಾನು ಕೊಡುತ್ತೇನೆ.

ನಿನ್ನ ಅಮ್ಮ